ಎಳೆಯದ ವೃತ್ತ

ಡೆನ್ಜಿಲ್ ಕಾರು ಮಾರಿದ್ದ, ಚಕ್ರ ಉಳಿಸಿಕೊಂಡಿದ್ದ.
ಕಮ್ಮನಹಳ್ಳಿಯಲ್ಲಿ, ಅವನ ಮೆಟ್ಟಿಲ ಕೆಳಗೆ,
ಹಳೇ ಬೆಡ್‌ಶೀಟು ಹೊದ್ದು ಮಲಗಿದ್ದವು ನಾಲ್ಕು ಅಲಾಯ್.
ಹೊದಿಕೆ ಎಳೆದ. ಎಂಟೆಸಳು, ಬೂದಿಬಣ್ಣ,
ಅಂಚಿನಲ್ಲಿ ಫುಟ್‌ಪಾತಿನ ಒಂದು ಕಚ್ಚು.
ಹನ್ನೊಂದು ಸಾವಿರ ಅಂದ. ಕೊಟ್ಟುಬಿಟ್ಟೆ.
ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವವಳು ನಾನು.

"ಮೇಡಂಗೆ ಈಗ ಶುರುವಾಯ್ತು ಶೋಕಿ"
ಎದುರುಮನೆ ಪ್ರಮೀಳಾ, ಗೇಟಿನಲ್ಲಿ ನಿಂತು.
ಹೌದು. ಐವತ್ತೇಳಕ್ಕೆ.

ಜೆ.ಸಿ. ರೋಡಿನ ಹಿಂದಿನ ಗಲ್ಲಿ.
ಸಿಬ್ಗತ್ ಚಕ್ರವೊಂದನ್ನು ಎತ್ತಿ
ನನ್ನ ಹಳೇ ಐಕಾನಿನ ಹಬ್‌ಗೆ ಒತ್ತಿದ.
ಒಂದು ತೂತಿಗೆ ಸ್ಟಡ್ ಸಿಕ್ಕಿತು,
ಮಿಕ್ಕ ಮೂರೂ ಗೋಡೆಗೆ ಹಣೆ ಕೊಟ್ಟು ನಿಂತವು.
"ಕೂರಲ್ಲ ಮೇಡಂ. ಇದು ನೂರು. ನಿಮ್ಮ ಗಾಡಿದು ನೂರೆಂಟು."

ನೂರೆಂಟು ಅಂದರೆ ನನಗೆ ಗೊತ್ತಿದ್ದದ್ದು
ನೂರೆಂಟು ನೆಪ, ನೂರೆಂಟು ಕೆಲಸ,
ಹೆಡ್‌ಮೇಷ್ಟ್ರ ನೂರೆಂಟು ಸುತ್ತೋಲೆ.
ಎಣಿಸಲು ಹೋಗದ ಎಲ್ಲಕ್ಕೂ ಅದೇ ಲೆಕ್ಕ.
ಇವನ ಕೈಯಲ್ಲಿ ಅದಕ್ಕೆ ಮಿಲಿಮೀಟರ್ ಇತ್ತು.

ವರ್ನಿಯರ್ ಹಿಡಿದು ತೋರಿಸಿದ:
ಎದುರೆದುರು ತೂತು, ನಡುವಿನಿಂದ ನಡುವಿಗೆ.
"ನಾಲ್ಕರ ಮೇಲೂ ಹಾದು ಹೋಗೋ ಗುಂಡು ಗೆರೆ ಒಂದಿದೆ
ಅಂತ ಅಂದ್ಕೊಳ್ಳಿ. ಅಂದ್ಕೊಳ್ಳೋದು ಅಷ್ಟೇ.
ಯಾರೂ ಎಳೆದಿಲ್ಲ."

ಮೂವತ್ತೊಂದು ವರ್ಷ ಶ್ರೀನಗರದ ಹೈಸ್ಕೂಲಿನಲ್ಲಿ
ದಾರಕ್ಕೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆದವಳು ನಾನು.
ಜ್ಯಾ, ಸ್ಪರ್ಶಕ, ಪರಿಧಿ, ಮೂರು ಮಾರ್ಕು.
ಎಳೆಯದ ವೃತ್ತಗಳು ಗಾಡಿಗೆ ನಾಲ್ಕರಂತೆ
ದಿನಾ ಸಿಲ್ಕ್ ಬೋರ್ಡ್ ದಾಟಿ
ಜನರನ್ನು ಮನೆಗೆ ಮುಟ್ಟಿಸುತ್ತಿದ್ದವು,
ನನಗೆ ತಿಳಿಸದೆ.

"ನಮ್ಮ ಸ್ಕೂಲಾ ನೀನು?" ಕೇಳಿಯೇಬಿಟ್ಟೆ.
"ಇಲ್ಲ ಮೇಡಂ. ಟ್ಯಾನರಿ ರೋಡು. ಏಳಕ್ಕೆ ನಿಂತೆ."

ಹೊಸ ತೂತು ಕೊರೆದರೆ?
"ಎಸಳಿನ ಬುಡದಲ್ಲಿ ಜಾಗ ಇಲ್ಲ. ಕೊರೆದರೆ ಉಳಿಯೋದು ಹಪ್ಪಳ.
ಕೊರೆದು ಕೊಡೋರು ಇದಾರೆ, ಇದೇ ಗಲ್ಲಿ, ಅರ್ಧ ರೇಟು.
ನಾನು ಮಾಡಲ್ಲ."
ಹುಡುಗನಿಗೆ ಉರ್ದುವಿನಲ್ಲಿ ಬೈದು,
ಟೀಯವನಿಗೆ ತಮಿಳಿನಲ್ಲಿ ಎರಡು ಹೇಳಿ,
ನನಗೆ ಕನ್ನಡದಲ್ಲಿ: "ಗುರುವಾರ ಬನ್ನಿ."

ಗುರುವಾರ ಲೇತಿನಿಂದ ಇಳಿದಿದ್ದವು
ಇನ್ನೂ ಬಿಸಿಯಿದ್ದ ನಾಲ್ಕು ಬಿಲ್ಲೆ, ಬೆರಳುದಪ್ಪ.
ಒಂದೊಂದಕ್ಕೂ ಎಂಟು ತೂತು:
ನಾಲ್ಕು ಗಾಡಿಯ ಕಡೆಗೆ, ನಾಲ್ಕು ಚಕ್ರದ ಕಡೆಗೆ,
ಒಂದರ ಸಂದಿಯಲ್ಲಿ ಇನ್ನೊಂದು.
ಉಗುರಿನಷ್ಟು ವ್ಯತ್ಯಾಸಕ್ಕೆ
ಮೂರು ದಿನ, ನಾಲ್ಕು ಸಾವಿರದ ಇನ್ನೂರು.

ನೈಸ್ ರೋಡಿನಲ್ಲಿ ಎಂಬತ್ತು ಮುಟ್ಟಿದ್ದೇ ತಡ
ಸ್ಟೀರಿಂಗು ಚಳಿಜ್ವರ ಬಂದಂತೆ ನಡುಗಿತು.
ವಾಪಸ್ಸು ಹೋದೆ. ಬೈಯಲು ಮಾತು ಜೋಡಿಸಿಕೊಂಡೇ ಹೋದೆ.
ಸಿಬ್ಗತ್ ಚಕ್ರ ಬಿಚ್ಚಿ ಒಳಗೆ ಇಣುಕಿದ.
"ತಪ್ಪು ನಂದು. ರಿಂಗ್ ಹಾಕಿಲ್ಲ."
ತಂದದ್ದು ಒಂದು ನೈಲಾನ್ ಬಳೆ,
ಮಗುವಿನ ಕೈಗೂ ದೊಡ್ಡದಲ್ಲ.
"ನಟ್ಟು ಬಿಗಿ ಹಿಡಿಯುತ್ತೆ, ಅಷ್ಟೇ ಮೇಡಂ.
ನಡುವಲ್ಲಿ ಕೂರಿಸೋದು ಇದು."
ಕಾಸು ತಗೊಳ್ಳಲಿಲ್ಲ. ಜೋಡಿಸಿದ ಬೈಗುಳ
ಮೈಸೂರು ರೋಡಿನ ತನಕ ಬಾಯಲ್ಲೇ ಇತ್ತು.

ಸೋಮವಾರ, ಒಂಬತ್ತನೇ ಬಿ.
ಬೋರ್ಡಿನ ಮೇಲೆ ನಾಲ್ಕು ಚುಕ್ಕೆ ಇಟ್ಟೆ.
ದಾರ ಕೈಯಲ್ಲೇ ಇತ್ತು, ಎಳೆಯಲಿಲ್ಲ.
"ಇಲ್ಲೇನಿದೆ?"
"ರಂಗೋಲಿನಾ ಮಿಸ್?" ಅಂದಳು ಚೈತನ್ಯಾ.
ಕ್ಲಾಸೆಲ್ಲ ನಕ್ಕಿತು. ನಾನು ಅಳಿಸಲಿಲ್ಲ.
ಮುಂದಿನ ಪೀರಿಯಡ್ಡಿನ ಹಿಂದಿ ಮೇಷ್ಟ್ರು ಅಳಿಸಿರಬೇಕು.

ಬಿಲ್ಲೆಯ ದಪ್ಪಕ್ಕೆ ಚಕ್ರ ಈಗ
ಎರಡು ಸೆಂಟಿಮೀಟರ್ ಹೊರಗೆ ನಿಂತಿದೆ.
ಹನುಮಂತನಗರದ ಆ ಎತ್ತರದ ಹಂಪಿನಲ್ಲಿ
ಎಡ ಹಿಂಬದಿ ಒಮ್ಮೆ ಕರ್ ಅನ್ನುತ್ತದೆ.
ರೇಡಿಯೋ ಜೋರು ಮಾಡುತ್ತೇನೆ.
ಪ್ರಮೀಳಾ ಪಕ್ಕದಲ್ಲಿ ಕೂತಿದ್ದರಂತೂ
ಇನ್ನೂ ಜೋರು.